ಅರ್ಧಕ್ಕೆ ಬಿಡದ ಕೆಲಸ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅತ್ತಿಗೆಗೆ, ಮಗಳಿಗೆ ವಿಶೇಷವಾಗಿ ನಮಸ್ಕಾರ. ಅತ್ತಿಗೆಯ ಯಜಮಾನರನ್ನು ನೆನೆಯಲು ಇಂದು ಸೇರಿದ್ದೇವೆ. ನಾನು ಹತ್ತೊಂಬತ್ತು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೃತಕ ಕಾಲು ಮಾಡಿದವನು. ಭಾಷಣ ಬರುವುದಿಲ್ಲ — ನಡೆದದ್ದನ್ನು ಹೇಳುತ್ತೇನೆ.

ಪಾದ್ರಿಯಾಗಲೆಂದು ಆರು ವರ್ಷ ಓದಿ, ದೀಕ್ಷೆಗೆ ಒಂದೇ ವರ್ಷ ಇದ್ದಾಗ ಬಿಟ್ಟು ಬಂದವರು ಅವರು. ಅದಕ್ಕೇ ನಾವೆಲ್ಲ 'ಫಾದರ್' ಎಂದು ರೇಗಿಸುತ್ತಿದ್ದೆವು. ನಗುತ್ತಿದ್ದರು. ಆ ಮಾತು ಅವರಿಗೆ ಚುಚ್ಚುತ್ತಿತ್ತೆಂದು ನನಗೆ ತಿಳಿದದ್ದು ಈ ವರ್ಷ — ಬಹಳ ತಡವಾಗಿ.

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನ ಅವರು ಕಾಫಿ ಬಿಡುತ್ತಿದ್ದರು. ಸಿಡುಕುತ್ತಲೂ ಇದ್ದರು — ತಪಸ್ಸು ನಮಗೂ ಸೇರಿಯೇ. ಈ ಸಲ ಮೊದಲ ದಿನವೇ ಲೋಟ ಹಿಡಿದು ಬಂದರು.

"ಏನ್ ಫಾದರ್, ವ್ರತ ಇಲ್ವಾ?" ಎಂದೆ.

"ಹೃದಯ ಸೋತಿದೆ ಅಂದ್ರು ಡಾಕ್ಟ್ರು. ಈ ಸಲ ಬಿಡೋದೇನಿಲ್ಲ ಕಣಯ್ಯ. ಒಂದು ಕೆಲಸ ಮುಗಿಸೋದಿದೆ."

ಆ ಕೆಲಸ ಯಾರದೆಂದರೆ — ಇಲ್ಲೇ ಕುಳಿತಿದ್ದಾರೆ — ಬಸ್ ಕಂಡಕ್ಟರ್ ಅಮ್ಮ. ಹಿಂದಿನ ವರ್ಷ ಮಾಡಿಕೊಟ್ಟ ಕಾಲು ಹುಣ್ಣು ಮಾಡಿತ್ತು. ತಮ್ಮ ಮೈಗೇ ಒಗ್ಗುತ್ತಿಲ್ಲ ಎಂದುಕೊಂಡು ಅವರು ಮನೆ ಹಿಡಿದಿದ್ದರು. ಫಾದರ್ ಹಳೆಯ ಅಚ್ಚು ತೆಗೆದು ನೋಡಿದರು. ಅಳತೆಯೇ ತಪ್ಪಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ನೇರ ಆಕೆಯ ಮನೆಗೆ ಹೋದರು.

"ತಪ್ಪು ನಿಮ್ಮ ಕಾಲಿಂದಲ್ಲಮ್ಮ, ನಂದು. ಊತ ಇಳಿಯೋಕೆ ಮುಂಚೆ ಅವಸರದಲ್ಲಿ ಅಳತೆ ತಗೊಂಡೆ."

ಮೂರು ಸಲ ಮಾಡಿದರು. ಮೊದಲ ಎರಡು ಸಲವೂ ಸರಿ ಬರಲಿಲ್ಲ. ತಾವೇ ಒಡೆದು ಹಾಕಿದರು. ಮೂರನೆಯದನ್ನು ತಿದ್ದುವಾಗ ಏದುಸಿರು, ತುಟಿ ನೀಲಿ. ನನಗೆ ಸಿಟ್ಟು ಬಂತು. "ಸಾಕು ಏಳಿ, ಉಳಿದಿದ್ದು ನಾನ್ ಮಾಡ್ತೀನಿ" ಎಂದೆ.

"ದೇವ್ರು ಕರೆದಾಗ ನಡುವಲ್ಲಿ ಎದ್ದು ಬಂದೆ ಅಂತ ಮೂವತ್ತು ವರ್ಷದಿಂದ ಕೊರಗ್ತಿದೀನಿ. ಇದನ್ನೂ ಅರ್ಧಕ್ಕೆ ಬಿಡು ಅಂತೀಯಾ?"

ನಾನು ದೇವರನ್ನು ನಂಬುವವನಲ್ಲ. ಆದರೂ ಕೇಳಿದೆ — "ಕರೆದಿದ್ದು ಈ ಮೇಜಿಗೇ ಇರಬಾರ್ದಾ?"

ಅವರು ಆ ಕಾಲನ್ನು ಉಜ್ಜುತ್ತಲೇ ಇದ್ದರು.

ಈಸ್ಟರ್‌ನ ಹಿಂದಿನ ದಿನ, ಶನಿವಾರ. ಈ ಅಮ್ಮ ನಮ್ಮ ಮೊಗಸಾಲೆಯಲ್ಲಿ ಆ ತುದಿಯವರೆಗೆ ನಡೆದರು. ಗೋಡೆ ಹಿಡಿಯಲಿಲ್ಲ. ತಿರುಗಿ, "ನೋವಿಲ್ಲ ಸರ್" ಎಂದರು. ಫಾದರ್ ಬೆಂಚಿನ ಮೇಲೆ ಕುಸಿದು ಕುಳಿತು, ಅತ್ತರು. ಆಮೇಲೆ ನನ್ನ ಕಡೆ ನೋಡಿ, "ನೀನಂದಿದ್ದು ಸರಿ ಇರಬಹುದು ಕಣೋ" ಎಂದರು.

ಭಾನುವಾರ ಮಗಳ ಜೊತೆ ಚರ್ಚಿಗೆ ಹೋದರು. ಮಂಗಳವಾರ ಬೆಳಿಗ್ಗೆ ಹೋಗಿಬಿಟ್ಟರು.

ಅತ್ತಿಗೆ, ಹನ್ನೊಂದು ಜನ ಕಾಲಿಗಾಗಿ ಕಾಯುತ್ತಿದ್ದಾರೆ. ನಾಳೆ ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ. ಅವರ ಮೇಜಿನಲ್ಲಿ ನಾನು ಕೂರುತ್ತೇನೆ. ಒಬ್ಬರನ್ನೂ ವಾಪಸು ಕಳಿಸುವುದಿಲ್ಲ — ಇದು ಸಭೆಗೆಂದು ಆಡಿದ ಮಾತಲ್ಲ.

ಈಗ ಅವರಿಗಾಗಿ ಒಂದು ನಿಮಿಷ ಮೌನವಾಗಿ ನಿಲ್ಲೋಣ. ಅವರು ಕಾಲು ಕೊಟ್ಟು ನಿಲ್ಲಿಸಿದವರು ಇಲ್ಲಿ ಬಹಳ ಜನ ಇದ್ದೀರಿ. ಕಾಲಿನ ಪಟ್ಟಿ ಬಿಗಿ ಮಾಡಿಕೊಳ್ಳಿ, ಪಕ್ಕದವರ ಭುಜ ಹಿಡಿಯಿರಿ, ನಿಧಾನವಾಗಿ ಏಳಿ. ಅವಸರವಿಲ್ಲ — ಕೊನೆಯವರು ಎದ್ದು ನಿಂತ ಮೇಲೆಯೇ ನಿಮಿಷ ಶುರುವಾಗುತ್ತದೆ.