ಹೊರಗಿಟ್ಟ ಎಡೆ

ನನ್ನ ಹೆಸರು ತೇಜಸ್ವಿನಿ, ವಯಸ್ಸು ಇಪ್ಪತ್ತು, ದಿನಸಿ ಡೆಲಿವರಿ ವ್ಯಾನಿನ ಚಾಲಕಿ. ಸನ್ನಿವೇಲ್‌ನಲ್ಲಿ ಚಿಕ್ಕಪ್ಪ ಶಿವರಾಮು ಅವರ ಅಪಾರ್ಟ್‌ಮೆಂಟಿನಲ್ಲಿ ವಾಸ. ಏಳನೇ ತರಗತಿಯವರೆಗೆ ಮಂಡ್ಯದ ಕನ್ನಡ ಶಾಲೆಯಲ್ಲಿ ಓದಿದ್ದೇನೆ, ಇಲ್ಲಿಯ ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಲಾಸ್ ಆಲ್ಟೋಸ್ ಪೊಲೀಸ್ ಠಾಣೆಯಲ್ಲಿ ಕುಳಿತು, ಯಾರ ಒತ್ತಾಯವೂ ಇಲ್ಲದೆ ಸ್ವತಃ ಬರೆದು ತಿಳಿಸುವುದೇನೆಂದರೆ:

ಭಾನುವಾರ ನಾನು ಇಂಗ್ಲಿಷಿನಲ್ಲಿ ಒಂದು ಹೇಳಿಕೆ ಕೊಟ್ಟಿದ್ದೆ. ಅದರಲ್ಲಿ ಒಂದು ಸುಳ್ಳಿದೆ. ಅದನ್ನು ತಿದ್ದಲು ಕನ್ನಡವೇ ಬೇಕಾಗಿರುವುದರಿಂದ ಅಧಿಕಾರಿಯ ಅನುಮತಿ ಪಡೆದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾರಣ ಮುಂದೆ ತಿಳಿಯುತ್ತದೆ.

ದಿನಾಂಕ ೨೧-೯-೨೦೨೫, ಭಾನುವಾರ, ಮಹಾಲಯ ಅಮಾವಾಸ್ಯೆ. ಅಂದು ನಮ್ಮ ಕಡೆಯವರು ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಾರೆ. ಎಡೆ ಎಂದರೆ ಬಾಳೆ ಎಲೆಯ ಮೇಲೆ ಅವರಿಗೆ ಇಷ್ಟವಾಗಿದ್ದ ಅಡುಗೆ, ಹೊಸ ಬಟ್ಟೆ, ಸೇದುವವರಿದ್ದರೆ ಬೀಡಿ. ಅಪಾರ್ಟ್‌ಮೆಂಟಿನಲ್ಲಿ ಧೂಪ ಹಾಕಿದರೆ ಹೊಗೆಯ ಅಲಾರಂ ಕೂಗುತ್ತದೆ. ಆದ್ದರಿಂದ ಆರು ಮನೆಯವರು ಸೇರಿ ಲಾಸ್ ಆಲ್ಟೋಸ್‌ನ ಒಂದು ಸಭಾಭವನದ ಪೂರ್ವದ ಕೊಠಡಿಯನ್ನು ಬಾಡಿಗೆಗೆ ಹಿಡಿದಿದ್ದರು. ನಾನು ಅಡುಗೆ ಪಾತ್ರೆಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ನನ್ನ ಅಜ್ಜಿ ಭದ್ರಮ್ಮನವರನ್ನು ಕರೆತಂದೆ. ತಲುಪಿದ್ದು ೯.೪೦ಕ್ಕೆ. ಅಜ್ಜಿಗೆ ಎಪ್ಪತ್ತನಾಲ್ಕು ವರ್ಷ. ವಿಸಿಟರ್ ವೀಸಾದಲ್ಲಿ ಬಂದಿದ್ದಾರೆ. ಇದೇ ಇಪ್ಪತ್ತೆಂಟಕ್ಕೆ ವಾಪಸಾಗುವ ಟಿಕೆಟ್ ಇದೆ.

೧೦.೧೫ಕ್ಕೆ ಅಜ್ಜಿಯನ್ನು ರೆಸ್ಟ್‌ರೂಮಿಗೆ ಕರೆದೊಯ್ಯುವಾಗ ಪಶ್ಚಿಮದ ಕೊಠಡಿಯ ಬಾಗಿಲು ತೆರೆದಿತ್ತು. ಒಳಗೆ ಒಬ್ಬರೇ ಇದ್ದರು. ಅವರೇ ದೂರುದಾರರಾದ ಮಿಸ್ ಎಲಿನೋರ್ ಹ್ಯಾಗರ್ಟಿ. ಅವರ ಮುಂದೆ ಒಬ್ಬರಿಗೆ ಮಾತ್ರ ಹಾಕಿದ ಊಟದ ಮೇಜು ಇತ್ತು. ಬಿಳಿ ಬಟ್ಟೆ, ಖಾಲಿ ಕುರ್ಚಿ, ಒಂದು ಗುಲಾಬಿ, ಬೋರಲು ಹಾಕಿದ ಲೋಟ, ಖಾಲಿ ತಟ್ಟೆ, ನಿಂಬೆಯ ಒಂದು ಹೋಳು, ಚಿಟಿಕೆ ಉಪ್ಪು. ಪಕ್ಕದಲ್ಲಿ ತಳ ಕಾಣುವಂತೆ ಅಡ್ಡ ಮಲಗಿಸಿದ, ಇಟ್ಟಿಗೆಯಷ್ಟು ದೊಡ್ಡ ತಗಡಿನ ಊಟದ ಡಬ್ಬಿ. ಡಬ್ಬಿಯ ತಳ ಮಸಿ ಹಿಡಿದು ಕಪ್ಪಾಗಿತ್ತು. ಆ ಮಸಿಯಲ್ಲಿ ಮೊಳೆಯಿಂದ ಗೀಚಿದ ಹನ್ನೊಂದು ಹೆಸರುಗಳಿದ್ದವು.

ನಾನು ಕೇಳಿದ್ದರಿಂದ ಮಿಸ್ ಹ್ಯಾಗರ್ಟಿ ವಿವರಿಸಿದರು. ಅವರ ತಂದೆ ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಸೆರೆ ಶಿಬಿರದಲ್ಲಿ ಮೂರು ವರ್ಷ ನಾಲ್ಕು ತಿಂಗಳು ಇದ್ದರು. ಡಬ್ಬಿ ಅವರದು. ಅವರು ಬದುಕಿ ಬಂದರು, ಡಬ್ಬಿಯ ಮೇಲಿನ ಹನ್ನೊಂದು ಮಂದಿ ಬರಲಿಲ್ಲ. ಅಂಥವರ ನೆನಪಿಗೆ ಪ್ರತಿವರ್ಷ ಈ ಮೇಜು ಹಾಕುತ್ತಾರೆ. ಉಪ್ಪು ಮನೆಯವರ ಕಣ್ಣೀರಿಗೆ, ನಿಂಬೆ ಅವರ ಕಹಿ ಪಾಡಿಗೆ. ಅವರು ನಮ್ಮ ಜೊತೆ ಕುಡಿಯಲಾರರು ಎಂದು ಲೋಟ ಬೋರಲು.

ಅದೇನವ್ವ ಅದು ಎಂದು ಅಜ್ಜಿ ಕೇಳಿದರು. ಅಷ್ಟನ್ನೂ ಹೇಳಲು ನನಗೆ ತಾಳ್ಮೆ ಇರಲಿಲ್ಲ. ಜಪಾನಿನವರ ಕೈಗೆ ಸಿಕ್ಕಿ ಸತ್ತ ಸಿಪಾಯಿಗಳಿಗೆ ಇಟ್ಟ ಎಡೆ ಎಂದು ಹೇಳಿದೆ. ಈ ಮಾತು ನನ್ನದು. ಮಿಸ್ ಹ್ಯಾಗರ್ಟಿಯವರು ಊಟ ಬಡಿಸುವ ವಿಚಾರವನ್ನೇ ಆಡಿರಲಿಲ್ಲ.

ಅಜ್ಜಿ ಮೇಜಿನ ಹತ್ತಿರ ಹೋಗಿ ನೋಡಿದರು. ಅವರ ದೊಡ್ಡಪ್ಪ ಮೈಸೂರು ಸೈನ್ಯದ ಜೊತೆ ಸಿಂಗಪುರಕ್ಕೆ ಹೋಗಿ ಜಪಾನಿನವರಿಗೆ ಸೆರೆಸಿಕ್ಕು ವಾಪಸ್ ಬಂದಿಲ್ಲ. ಫೋಟೋ ಇಲ್ಲದ ಕಾರಣ ಅವರ ಎಡೆಗೆ ಒಂದು ಟವೆಲ್ ಇಡುತ್ತಾರೆ. ಹೊರಗೆ ಬಂದ ಮೇಲೆ ಅಜ್ಜಿ, ಬಾಯಾರ್ಕೊಂಡು ಬರೋ ಜೀವಕ್ಕೆ ಲೋಟ ಬೋರಲು ಹಾಕವ್ರಲ್ಲ, ಇವ್ರಲ್ಲಿ ಅಡುಗೆ ಮಾಡೋ ಹೆಂಗಸ್ರೇ ಇಲ್ವಾ ಎಂದರು. ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ, ನಡಿ ಎಂದೆ.

೧೨.೦೫ಕ್ಕೆ ನಮ್ಮ ಕೊಠಡಿಯಲ್ಲಿ ಎಡೆ ಇಟ್ಟು ಮುಗಿಯಿತು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಹಾಕಿ ಎಲ್ಲರೂ ಹೊರಗಿನ ಹುಲ್ಲಿನ ಮೇಲೆ ಹೋಗಿ ನಿಂತೆವು. ಅಜ್ಜಿ ನಮ್ಮೊಂದಿಗೆ ಇರಲಿಲ್ಲ. ೧೨.೪೦ಕ್ಕೆ ಅಡುಗೆಮನೆಯ ಕಡೆಯಿಂದ ಬಂದರು. ಹಸಿರು ಸೀರೆಯ ಸೆರಗು ಒದ್ದೆಯಾಗಿತ್ತು, ಅಂಗೈಯಗಲದ ಕಪ್ಪು ಕಲೆ ಇತ್ತು. ಏನದು ಎಂದು ಕೇಳಿದೆ. ಕಾಫಿ ಎಂದರು. ಅಂದು ನಾವು ಕಾಫಿ ತಂದಿರಲಿಲ್ಲ.

ಹೊರಗೆ ಹೋಗಿದ್ದ ಮಿಸ್ ಹ್ಯಾಗರ್ಟಿ ೧.೧೦ಕ್ಕೆ ವಾಪಸಾಗಿ ನಮ್ಮ ಬಾಗಿಲಿಗೆ ಬಂದರು. ಬಂದು ನೋಡಿ ಎಂದರು. ನಾನೂ ಚಿಕ್ಕಪ್ಪನೂ ಹೋಗಿ ನೋಡಿದೆವು. ಲೋಟ ನೆಟ್ಟಗೆ ನಿಂತಿತ್ತು, ತುಂಬ ನೀರಿತ್ತು. ಉಪ್ಪು ಇರಲಿಲ್ಲ. ತಟ್ಟೆಯಲ್ಲಿ ಬಾಳೆ ಎಲೆ, ಅದರ ಮೇಲೆ ಮುದ್ದೆ, ಕೋಳಿಸಾರು, ಎರಡು ಕಜ್ಜಾಯ. ನಿಂಬೆ ಹೋಳನ್ನು ಸಾರಿಗೆ ಹಿಂಡಲಾಗಿತ್ತು. ಎಲೆಯ ಪಕ್ಕ ಒಂದು ಬೀಡಿ. ಡಬ್ಬಿ ಇರಲಿಲ್ಲ. ನಮ್ಮವರು ಯಾರೂ ಈ ಕಡೆ ಬಂದೇ ಇಲ್ಲ ಎಂದು ಚಿಕ್ಕಪ್ಪ ಇಂಗ್ಲಿಷಿನಲ್ಲಿ ಹೇಳಿದರು. ಬೀಡಿಯನ್ನು ಅವರೂ ನೋಡಿದ್ದರು.

೨.೦೦ಕ್ಕೆ ಭವನದ ಮ್ಯಾನೇಜರ್ ಕ್ಯಾಮೆರಾದ ವಿಡಿಯೋ ತೋರಿಸಿದರು. ೧೨.೦೮ಕ್ಕೆ ಹಸಿರು ಸೀರೆಯ ಹೆಂಗಸೊಬ್ಬರು ಎಲೆ ಹಿಡಿದು ಪಶ್ಚಿಮದ ಕೊಠಡಿಯೊಳಗೆ ಹೋಗಿದ್ದಾರೆ, ೧೨.೧೩ಕ್ಕೆ ಸೆರಗಿನಡಿ ಏನನ್ನೋ ಹಿಡಿದು ಹೊರಬಂದಿದ್ದಾರೆ. ಮುಖ ಕಾಣುವುದಿಲ್ಲ. ಅಂದು ಹಸಿರು ಸೀರೆ ಉಟ್ಟವರು ಮೂವರಿದ್ದರು. ೨.೨೦ಕ್ಕೆ ಅಧಿಕಾರಿ ಬಂದರು. ಯಾರೆಂದು ಗೊತ್ತಿಲ್ಲ ಎಂದೆ. ಅದು ನಿಜ. ಯಾರ ಮೇಲೂ ಅನುಮಾನವಿಲ್ಲ ಎಂದೆ. ಅದು ಸುಳ್ಳು.

ವಾಪಸ್ ಬರುವಾಗ ವ್ಯಾನಿನಲ್ಲಿ ಅಜ್ಜಿಯನ್ನು ನೇರವಾಗಿ ಕೇಳಿದೆ, ಡಬ್ಬಿ ತಗೊಂಡ್ಯಾ ಎಂದು. ನಾನ್ಯಾಕವ್ವ ತಗೊಳ್ಳಲಿ ಎಂದರು. ಮನೆಯಲ್ಲಿ ಮತ್ತೆರಡು ಸಲ ಕೇಳಿದಾಗಲೂ ಅದೇ ಉತ್ತರ.

೨೨ನೇ ತಾರೀಖು ಸೋಮವಾರ ಬೆಳಿಗ್ಗೆ ೬.೩೦ಕ್ಕೆ ಅಜ್ಜಿ ಸೀರೆಯನ್ನು ಬಕೆಟ್ಟಿನಲ್ಲಿ ಕೈಯಿಂದ ಒಗೆಯುತ್ತಿದ್ದರು. ಅವರು ಸ್ನಾನಕ್ಕೆ ಹೋದಾಗ ಅವರ ಎರಡೂ ಸೂಟ್‌ಕೇಸ್ ತೆಗೆದು ನೋಡಿದೆ. ಮೊಮ್ಮಕ್ಕಳಿಗೆ ಕೊಂಡ ಚಾಕಲೇಟು, ನೋವಿನ ಮುಲಾಮು ಇದ್ದವು. ಡಬ್ಬಿ ಇರಲಿಲ್ಲ. ಚಿಕ್ಕಪ್ಪನೇ ಅದನ್ನು ಬಚ್ಚಿಟ್ಟಿರಬಹುದು ಎಂದು ಅವರ ಕಾರಿನ ಡಿಕ್ಕಿಯನ್ನೂ ನೋಡಿದೆ. ಅವರು ಹಿಂದಿನಿಂದ ಬಂದು ನೋಡಿದರು. ಅವರು ಹೇಳಿದ ಮಾತುಗಳು ಇವು: ತೇಜು, ಪ್ಲೀಸ್ ಡ್ರಾಮಾ ಬೇಡ. ಐ ಡಿಡಂಟ್ ಸೀ ಎನಿಥಿಂಗ್ ಅಂದಿದೀಯ, ಅಲ್ಲಿಗೆ ಬಿಡು. ಒಂದ್ಸಲ ಕೇಸು ಅಂತ ಆದ್ರೆ ಅಮ್ಮಂಗೆ ಇನ್ನೊಂದ್ ಜನ್ಮದಲ್ಲೂ ವೀಸಾ ಸಿಗಲ್ಲ. ಪರೀಕ್ಷೆಲಿ ಒಂದು ಉತ್ತರ ಸರಿಯಾಗಿ ಬರೀದೋಳು, ಪೊಲೀಸ್ನೋರಿಗೆ ಮಾತ್ರ ಎಲ್ಲಾ ಕರೆಕ್ಟಾಗಿ ಬರೀಬೇಕಾ ನಿಂಗೆ?

ಹೌದು ಎಂದೆ.

ಅಂದು ಸಂಜೆ ೫.೧೦ಕ್ಕೆ ಕೆಲಸದಿಂದ ಬಂದು, ಅಜ್ಜಿಯ ಎದುರು ಕುಳಿತು ನಾಲ್ಕನೇ ಸಲ ಕೇಳಿದೆ. ಈ ಸಲ ಸಿಟ್ಟಿನಲ್ಲಿ, ಡಬ್ಬಿ ಎಲ್ಲಿಟ್ಟೆ ಎಂದು ಬಾಯಿಗೆ ಬಂತು. ಅಡುಗೆಮನೆ ಹಿಂದ್ಲ ಮೋಟು ಗೋಡೆ ಮ್ಯಾಲೆ ಎಂದು ತಕ್ಷಣ ಹೇಳಿದರು. ನಿನ್ನೆಯಿಂದ ಯಾಕೆ ಹೇಳಲಿಲ್ಲ ಎಂದೆ. ನೀನು ತಗೊಂಡ್ಯಾ ತಗೊಂಡ್ಯಾ ಅಂತ ಕಳ್ಳೀನ ಕೇಳ್ದಂಗೆ ಕೇಳ್ತಿದ್ದೆ, ನಾನು ತಗೊಂಡಿಲ್ಲ, ಇಟ್ಟಿದ್ದೀನಿ ಎಂದರು. ಕಾಫಿ ಎಂದಿದ್ದು ಮಾತ್ರ ಸುಳ್ಳು, ಕೇಳದೆ ಬೇರೆಯವರ ಪಾತ್ರೆ ಬೆಳಗಿದ್ದಕ್ಕೆ ಎಲ್ಲಿ ಬೈಯುತ್ತೀಯೋ ಎಂದು ಹಾಗಂದೆ ಎಂದರು. ಇಂಗ್ಲಿಷಿನ ದೂರಿನಲ್ಲಿ ಇರುವುದು ಟುಕ್, ಅಂದರೆ ತೆಗೆದುಕೊಂಡರು, ಎಂಬ ಒಂದೇ ಪದ. ನಾನು ಕನ್ನಡದಲ್ಲಿ ಬರೆಯುತ್ತಿರುವುದು ಇದಕ್ಕಾಗಿ.

ಅಜ್ಜಿ ಹೇಳಿದ ಪ್ರಕಾರ, ಮೇಜಿನ ಎಡೆ, ಬದುಕಿ ಬಂದು ಆಮೇಲೆ ತೀರಿಕೊಂಡವರು ಯಾರಾದರೂ ಇದ್ದರೆ ಅವರಿಗೆ. ಪರದೇಶದಲ್ಲಿ ಸತ್ತವರು ಹೊಸಿಲು ದಾಟಿ ಒಳಗೆ ಬರುವುದಿಲ್ಲ, ಅವರಿಗೆ ಹೊರಗೇ ಇಡಬೇಕು. ದೊಡ್ಡಪ್ಪನಿಗೂ ಊರಿನಲ್ಲಿ ಹಿತ್ತಿಲಲ್ಲೇ ಇಡುತ್ತಾರೆ. ಮಸಿ ಹಿಡಿದ ಪಾತ್ರೆಯಲ್ಲಿ ಬಡಿಸಬಾರದೆಂದು ರಸಕ್ಕೆ ನೆನೆಸಿ ಉಳಿದಿದ್ದ ಹುಣಸೆಹಣ್ಣು ಹಾಕಿ ಡಬ್ಬಿಯನ್ನು ತಿಕ್ಕಿ ಬೆಳಗಿದ್ದಾರೆ. ಅದರಲ್ಲಿ ಅನ್ನ ಹಾಕಿ, ಗೋಡೆಯ ಮೇಲಿಟ್ಟು, ಕೈಮುಗಿದು ಬಂದಿದ್ದಾರೆ. ತಳದಲ್ಲಿದ್ದದ್ದು ಹೆಸರುಗಳೆಂದು ನಾನು ಅವರಿಗೆ ಹೇಳಿರಲಿಲ್ಲ.

ಅಜ್ಜಿಯನ್ನು ಕೂರಿಸಿಕೊಂಡು ೫.೫೫ಕ್ಕೆ ಭವನದ ಹಿಂಭಾಗ ತಲುಪಿದೆ. ಗೋಡೆಯ ಮೇಲೆ ಏನೂ ಇರಲಿಲ್ಲ. ಗೋಡೆಯಿಂದ ಸುಮಾರು ನಾಲ್ಕು ಅಡಿ ಆಚೆ ಪೊದೆಯಲ್ಲಿ ಡಬ್ಬಿ ಮಗುಚಿ ಬಿದ್ದಿತ್ತು. ಬಾಗಿ ನೋಡಿದೆ, ಒಂದು ಅಗುಳೂ ಇರಲಿಲ್ಲ. ಯಾರು ತಿಂದರೋ ನಾನು ನೋಡಿಲ್ಲ. ಆ ಹೊತ್ತಿಗೆ ಚಿಕ್ಕಪ್ಪ ಫೋನ್ ಮಾಡಿದರು. ಡಬ್ಬಿ ಸಿಕ್ಕಿತು ಎಂದೆ. ಮ್ಯಾನೇಜರ್ ಬಾಗಿಲ ಮುಂದೆ ಇಟ್ಟು ಸುಮ್ಮನೆ ಬಂದ್ಬಿಡು ಎಂದರು. ನಾನು ಅದನ್ನು ಮುಟ್ಟದೆ ೬.೦೨ಕ್ಕೆ ಅಧಿಕಾರಿಗೆ ಫೋನ್ ಮಾಡಿದೆ.

೬.೪೦ಕ್ಕೆ ಅಧಿಕಾರಿಯೂ ಮಿಸ್ ಹ್ಯಾಗರ್ಟಿಯೂ ಬಂದರು. ನಾನು ಎಲ್ಲವನ್ನೂ ಹೇಳಿದೆ, ಎಡೆ ಎಂದವಳು ನಾನು ಎಂಬುದನ್ನೂ ಹೇಳಿದೆ. ಮಿಸ್ ಹ್ಯಾಗರ್ಟಿ ನನ್ನನ್ನು ನಂಬಿದಂತೆ ಕಾಣಲಿಲ್ಲ. ಡಬ್ಬಿಯನ್ನು ಬಿಸಿಲಿಗೆ ಓರೆ ಮಾಡಿ ಹಿಡಿದರು. ಬೆಳಗಿದ ತಗಡಿನಲ್ಲಿ ಎಂಟು ಹೆಸರುಗಳು ಕಷ್ಟಪಟ್ಟರೆ ಓದಬಹುದು. ಮೂರು ಹೋಗಿವೆ. ಹೋದ ಮೂರನ್ನು ಅವರು ನೋಡದೆಯೇ ಹೇಳಿದರು. ನಾನು ಕ್ಷಮೆ ಕೇಳಿದೆ.

ಆಮೇಲೆ ಮಿಸ್ ಹ್ಯಾಗರ್ಟಿ, ಇದರಲ್ಲಿ ಎಷ್ಟು ಅನ್ನ ಹಾಕಿದ್ದರು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ, ಅಜ್ಜಿಯನ್ನು ಕೇಳಿದೆ. ಕೊಸರಾಡಿ ಬಡಿಸ್ತಾರಾ, ಹನ್ನೊಂದು ಜನ ಅಲ್ವಾ ಎಂದು ಅಜ್ಜಿ ಡಬ್ಬಿಯ ಅಂಚಿನ ಮೇಲೆ ಎರಡು ಬೆರಳು ಅಡ್ಡ ಇಟ್ಟು ತೋರಿಸಿದರು. ಹನ್ನೊಂದು ಎಂದು ಹೇಗೆ ಗೊತ್ತು ಎಂದೆ. ತಿಕ್ಕುವಾಗ ಬೆರಳಿಗೆ ಹನ್ನೊಂದು ಸಾಲು ಸಿಕ್ಕವು, ಸಾಲಿಗೊಬ್ಬರು ಅಂದುಕೊಂಡೆ ಎಂದರು.

ಮಿಸ್ ಹ್ಯಾಗರ್ಟಿ ಅಜ್ಜಿಯ ಬೆರಳುಗಳನ್ನು ನೋಡಿದರು. ಶಿಬಿರದಲ್ಲಿ ಅನ್ನ ಎಂದೂ ತಳದಿಂದ ಎರಡು ಬೆರಳಿಗಿಂತ ಮೇಲೆ ಬರಲಿಲ್ಲ ಎಂದು ತಂದೆ ಹೇಳುತ್ತಿದ್ದರು ಎಂದರು. ದೂರು ಹಿಂಪಡೆಯುವ ಬಗ್ಗೆ ಅವರು ಏನೂ ಹೇಳಿಲ್ಲ, ನಾನೂ ಕೇಳಿಲ್ಲ. ಅನ್ನದ ಅಳತೆ ಮಾತ್ರ ದಾಖಲೆಯಲ್ಲಿ ಇರಲೇಬೇಕು ಎಂದು ಅಧಿಕಾರಿಗೆ ಎರಡು ಸಲ ಹೇಳಿದರು. ಆದ್ದರಿಂದ ಬರೆಯುತ್ತೇನೆ: ಭಾನುವಾರ ಮಧ್ಯಾಹ್ನ ಆ ಡಬ್ಬಿಯಲ್ಲಿ ಅನ್ನ ಅಂಚಿಗಿಂತ ಎರಡು ಬೆರಳು ಮೇಲಿತ್ತು.

ನಾನು ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದಂತೆ ಬರೆದಿದ್ದೇನೆ. ಓದಿ ನೋಡಿದ್ದೇನೆ. ತೆಗೆಯುವುದೇನೂ ಇಲ್ಲ.

ಸ್ಥಳ: ಲಾಸ್ ಆಲ್ಟೋಸ್
ದಿನಾಂಕ: ೨೩-೯-೨೦೨೫, ಬೆಳಿಗ್ಗೆ ೧೧.೨೫
ಸಹಿ: ತೇಜಸ್ವಿನಿ