ಲಾಹೋರಿನ ತನಕ

ಎಪ್ಪತ್ತೊಂದರ ಯುದ್ಧ ನಿಂತು ವಾರವಾಗಿತ್ತು. ಹೊಸದುರ್ಗದಲ್ಲಿ ಬಸ್ಸಿಗೆ ಕಾಯುತ್ತಿದ್ದ ಗಂಗಕ್ಕನಿಗೆ ಸಿಪಾಯಿ ಗಂಡನ ಸುದ್ದಿ ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ಮೂರ್ತಪ್ಪ, ಬೋರಪ್ಪ ಎಂಬಿಬ್ಬರು ಮಾತಿಗಿಳಿದಿದ್ದರು.

“ನಿಲ್ಲಿಸ್ಬಾರ್ದಿತ್ತು ಕಣಲೇ. ಲಾಹೋರಿನ ತನಕ ನುಗ್ಗಬೇಕಿತ್ತು,” ಎಂದ ಮೂರ್ತಪ್ಪ.

“ಇನ್ನೆಷ್ಟು ಜನ ಸಾಯ್ತಿದ್ರೋ,” ಎಂದ ಬೋರಪ್ಪ.

“ಯುದ್ಧ ಅಂದ್ಮೇಲೆ ನಾಲ್ಕು ಜನ ಸಾಯ್ತಾರೆ ಬಿಡು.”

ಗಂಗಕ್ಕ ತಿರುಗಿ ಮೂರ್ತಪ್ಪನನ್ನು ನೋಡಿದಳು.

“ಸಿಪಾಯಿಗಳಿಗೆ ರಕ್ತ ಕೊಡ್ರಿ ಅಂದಾಗ ಸೂಜಿ ನೋಡಿ ಆಸ್ಪತ್ರೆಯಿಂದ ಓಡಿಬಂದೋನು ನೀನು,” ಎಂದ ಬೋರಪ್ಪ.

“ನಂಗೆ ನಿಶ್ಶಕ್ತಿ ಐತಪ್ಪ.”

“ನಾಲಿಗೆಗೆ ಮಾತ್ರ ಇಲ್ಲ.”

ಹಿರಿಯೂರಿನ ಬಸ್ಸು ಬಂತು. ಮೂರ್ತಪ್ಪ ಗಂಗಕ್ಕನನ್ನು ತಳ್ಳಿಕೊಂಡೇ ನುಗ್ಗಿ ಕಿಟಕಿ ಪಕ್ಕದ ಸೀಟು ಹಿಡಿದ. ಬೋರಪ್ಪನೂ ಹತ್ತಿದ.

“ಬರ್ರಿ ಅಕ್ಕ, ಜಾಗ ಐತೆ,” ಎಂದ ಕಂಡಕ್ಟರ್.

ಗಂಗಕ್ಕ ಕಿಟಕಿಯತ್ತ ನೋಡಿ, ಬಾಯಲ್ಲಿದ್ದ ಎಲೆಯಡಿಕೆ ಉಗುಳಿದಳು. “ಅವನ ಜೊತೆ ಬ್ಯಾಡಪ್ಪ. ಇನ್ನೊಂದು ಬಸ್ಸಿಗೆ ಬತ್ತೀನಿ.”

ಬಸ್ಸು ಹೊರಟಿತು.