ಧೂಪದ ಮರದ ಹಗ್ಗ

ಎತ್ಬ್ಯಾಡ ಕಣೆ ಬೆಳ್ಳಿ, ಕಂಬಳಿ ಎತ್ಬ್ಯಾಡ ಅಂದ್ನಲ್ಲ! ಯಾಕ್ ಎತ್ತುದೆ? ತಲೆ ಹೋಗಿ ಬಂಡೆಗೇ ಬಡ್ದದೆ... ಬುಡು, ಮುಚ್ಚು. ನಿನ್ ಗಂಡ ಚಿಕ್ಕಬೊಮ್ಮ ಇನ್ನಿಲ್ಲ. ನಿನ್ ಒಡಹುಟ್ಟಿದ ಅಣ್ಣ ನಾನ್ ಹೇಳ್ತಾ ಇವ್ನಿ, ಇನ್ನಿಲ್ಲ ಕಣವ್ವ. ಪೋಡಿನ ಗುಡಿಸ್ಲುಗಳ ಕಡೆ ಕೂಗು ಆಕಿವ್ನಿ, ಜನ ಬತ್ತಾವ್ರೆ. ಅತ್ಬುಡು ಒಂದ್ಸಲ.

ಈ ಧೂಪದ ಮರ ನೋಡು, ರಾಕ್ಷಸ ಮರ! ಇದೇ ಕಣೆ ಅವ್ನ ತಿಂದಾಕಿದ್ದು. ಕತ್ತೆತ್ತಿ ನೋಡುದ್ರೆ ತಲೇವಸ್ತ್ರ ಕೆಳಕ್ಕೆ ಬೀಳ್ತದೆ, ಅಷ್ಟೆತ್ರ. ನೆಟ್ಟಗೆ ಮ್ಯಾಕೋಗ್ಬುಟ್ಟದೆ, ಅರ್ಧದವರ್ಗೂ ಒಂದ್ ಕೊಂಬೆ ಇಲ್ಲ, ಕಾಲಿಡಾಕೆ ಒಂದ್ ಗಂಟಿಲ್ಲ. ಹೂಂ, ಅನ್ನ ಆಕಿದ್ ಮರಾನೇ, ಇಲ್ಲ ಅಂದ್ನಾ? ಬುಡಕ್ಕೆ ಗಾಯ ಮಾಡಿ ಬೆಂಕಿ ತೋರ್ಸುದ್ರೆ ಕರೀ ಧೂಪ ಸುರುಸ್ತದೆ. ರಂಗಪ್ಪನ ಗುಡಿಗೂ ಅದೇ, ಯಳಂದೂರ್ ಸಂತೆಗೂ ಅದೇ, ಹೊಳೆ ಕಡೆಯೋರು ತೆಪ್ಪಕ್ಕೆ ಬಳಿಯಾದೂ ಅದೇ. ಮೊನ್ನೆ ಬೆಂಕಿಪೆಟ್ಟಿಗೆ ಕಂಟ್ರಾಟುದಾರ ಬಂದು ಸುತ್ತಳತೆ ತಕಂಡು ಹೋದ್ನಲ್ಲ, ಕಡೀಲಿ! ಕಡ್ದು ಕಡ್ಡಿ ಮಾಡ್ಲಿ! ಬ್ಯಾಸ್ಗೆ ಚಿಗುರು ಹೆಂಗ್ ಕೆಂಪಗೆ ಬಂದದೆ ನೋಡು, ರಕ್ತ ಕೇಳೋ ಮರ ಇದು. ಇದು ಇನ್ ನಿಲ್ಬಾರ್ದು.

ಯಾಕ್ ತಲೆ ಆಡುಸ್ತೀಯ? ಮರ ಅಲ್ವಾ? ಹಂಗಾರೆ ತುದೀಲಿ ಕಟ್ಟಿರೋ ಹೆಜ್ಜೇನು! ಅದ ಕೀಳಾಕ್ ತಾನೆ ಬಂದಿದ್ದು. ಹೊತ್ತು ಮುಳುಗ್ಲಿ ಬಾವ, ಕತ್ಲಲ್ಲಿ ಹತ್ತಾನ ಅಂದೆ. ಕೇಳ್ನಿಲ್ಲ. ಬಿದಿರು ಗೂಟ ಹೊಡ್ಕಂಡು ಹತ್ತೇಬುಟ್ಟ. ಸೊಂಟಕ್ಕೆ ನಾರಿನ ಹಗ್ಗ, ಅದ ಕೊಂಬೆ ಮ್ಯಾಲಿಂದ ಇಳಿಬುಟ್ಟು ತುದಿ ಈ ಮತ್ತಿ ಮರಕ್ಕೆ ಸುತ್ತಿ ಕಾವಲಿಗೆ ನಾನು. ಇನ್ಯಾರ್ ಕೂರ್ತಾರೆ? ಒಡಹುಟ್ಟಿದ ತಮ್ಮನ್ನೂ ಹಗ್ಗಕ್ಕೆ ನಂಬಂಗಿಲ್ಲ, ಅತ್ಗೆ ಮ್ಯಾಲೆ ಕಣ್ಣಾಕಿ ಬುಟ್ಬುಟ್ಟಾನು. ಹೆಂಡ್ತಿ ಅಣ್ಣನೇ ಕಾಯ್ಬೇಕು. ತಂಗಿ ತಾಳಿ ಕೀಳೋ ಅಣ್ಣ ಯಾವ್ ಕಾಡಲ್ಲವ್ನೆ? ಅಜ್ಜ ಮುತ್ತಜ್ಜನ್ ಕಾಲದ್ ಕಟ್ಟಳೆ... ಯಾಕ್ ನಗ್ತೀಯ? ಬೆಳ್ಳೀ! ಇದು ನಗೋ ಹೊತ್ತೇನೆ?

ಹಗ್ಗ ಕಿತ್ತೋಯ್ತು ಕಣೆ. ಹಳೇದು. ಇಲಿ ಕಡ್ದಿತ್ತೇನೋ... ಹೂಂ, ಗೊತ್ತು, ಹೋದ್ ತಿಂಗ್ಳು ನೀನೇ ಹೊಸೆದಿದ್ದು. ಹೊಸದಾದ್ರೆ ಕೀಳಾದಿಲ್ವಾ? ಬಂಡೆಗ್ ಉಜ್ಜಿ... ಮರದ್ ಮ್ಯಾಲೆ ಯಾವ್ ಬಂಡೆ ಅಂತ ಮ್ಯಾಕ್ ಕೈ ತೋರುಸ್ತೀಯಾ. ಕೊಂಬೆಗೆ! ಕೊಂಬೆಗ್ ಉಜ್ತು! ನನ್ ಮುಖ ಏನ್ ನೋಡ್ತೀಯ, ಹಗ್ಗ ನೋಡು... ಬ್ಯಾಡ. ಬ್ಯಾಡ ಕಣೆ, ಹಗ್ಗ ಮುಟ್ಬ್ಯಾಡ. ಕೊಡು ಇಲ್ಲಿ!

ಮಾತಾಡೆ! ಏನಾರಾ ಅನ್ನೆ! ...ಬಾಯಿ ಊದ್ಕಂಡದೆ, ಆಗ್ದು, ಗೊತ್ತು. ಊದ್ಸಿದ್ದು ಯಾರು? ನಿನ್ನೆ ಒಲೆ ಕೊಳ್ಳೀಲಿ ಬಡ್ದಿದ್ದು ಯಾರು? ನಿನ್ ಹಲ್ಲು ನೆಲದ್ ಮ್ಯಾಲೆ ಬಿದ್ದಿದ್ದ ಈ ಕಣ್ಣಲ್ಲಿ ನೋಡಿವ್ನಿ. ಹೋದ್ ವರ್ಷ ಹೊಟ್ಟೇಲಿದ್ ಕೂಸ ಒದ್ದು ಕೆಡವುದ್ನಲ್ಲ, ಮರ್ತೋಯ್ತಾ? ಕುಲದ್ ಯಜಮಾನ್ರ ಮುಂದ್ ನಿಂತ್ರೆ, ಗಂಡ ಹೆಂಡ್ರ ಜಗಳ ಉಂಡು ಮಲಗೋ ತನಕ ಕಣ್ಲಾ ಅಂತ ನಕ್ಬುಟ್ರು! ಮರಕ್ಕೂ ಬೆಂಕಿ ಸಣ್ಗೆ ಹಚ್ತೀವಲ್ಲೆ, ಮರ ಸಾಯ್ದಿರ್ಲಿ ಅಂತ! ಮರಕ್ಕಿರೋ ಬೆಲೆ ನಿಂಗಿಲ್ವೇನೆ?

ಮ್ಯಾಲಿಂದ ಏನಂದ ಗೊತ್ತಾ? ಹೇಳ್ಬಾರ್ದು ಅಂತಿದ್ದೆ. ಕೊಂಬೆಯಿಂದ ಜೋತಾಡ್ಕಂಡು ಕೂಗ್ದ, 'ಬಾವಾ, ಹಗ್ಗ ಬಿಗಿಯಾಗಿ ನೋಡ್ಕೊ. ಮೊದ್ಲ ಜೇನು ಬೆಳ್ಳಿಗೆ. ಬಾಯಿಗೆ ಸವರ್ಕಳ್ಳಿ, ಪಾಪ.' ಪಾಪ ಅಂತೆ! ಹಲ್ಲು ಉದುರ್ಸೋದು, ಆಮ್ಯಾಕೆ ಜೇನು ಸವರೋದು! ಮೈಯೆಲ್ಲ ಉರ್ದೋಯ್ತು ಕಣೆ. ಮಚ್ಚು ಕೈಲೇ ಇತ್ತು. ಒಂದೇ ಏಟು... ಇಲ್ಲ, ಎರಡು. ಮೊದಲ್ನೇದಕ್ಕೆ ಹಗ್ಗ ಅರ್ಧ ಉಳ್ಕತು. ಅವ್ನು ಬಗ್ಗಿ ನೋಡ್ದ. 'ಬಾವಾ' ಅಂದ. ಎರಡನೇದೂ ಹೊಡ್ದೆ.

ಹೂಂ, ನಾನೇ! ಏನೀಗ? ಉಗಿ ನನ್ ಮಖಕ್ಕೆ. ಮಚ್ಚು ಅಲ್ಲೇ ಬಿದ್ದದೆ, ತಕಂಡು ಕಡಿ. ಕಲ್ಲು ಯಾಕ್ ತಕಂಡೆ? ತಲೆ ಮ್ಯಾಲ್ ಆಕ್ತೀಯಾ? ಆಕು, ಇಕಾ, ಕೂತ್ಕಂಡೆ... ಏನ್ಮಾಡ್ತಿದ್ದೀಯ? ಹಗ್ಗದ್ ತುದಿ ಯಾಕ್ ಜಜ್ತೀಯ? ನಾರು ಬುಡುಸ್ತಿದ್ದೀಯಾ... ತಾನಾಗೇ ಕಿತ್ತೋದಂಗೆ... ಅಯ್ಯೋ ನನ್ ತಾಯಿ! ನನ್ನ ಉಳುಸ್ತಿದ್ದೀಯೇನೆ? ಬಿರ್ರನೆ ಜಜ್ಜು, ಜನದ್ ದನಿ ಕೇಳ್ತಾ ಅದೆ. ಆ ಕಡೆ ತುದೀನೂವೆ. ಹಾಂ, ಆಯ್ತು. ಸಾಕು. ಸಾಕ್ ಬುಡೆ, ಇನ್ಯಾಕ್ ಜಜ್ತೀಯ? ಬೆಳ್ಳೀ, ಅದು ಹಗ್ಗ ಅಲ್ಲ ಕಣೆ, ನಿನ್ ಕೈ! ಬಳೆ ಚೂರೆಲ್ಲ ಒಳಕ್ಕೋಯ್ತವೆ, ರಕ್ತ... ಕೊಡಿಲ್ಲಿ ಕೈಯ. ಯಾಕ್ ಎಳ್ಕಂತೀಯ? ನಾನ್ ಮುಟ್ಬಾರ್ದಾ? ಉಳುಸ್ದೋಳು ಒಂದ್ಸಲ ಈ ಕಡೆ ನೋಡೆ. ಅಣ್ಣ ಅಂತ ಅನ್ನೆ.

ಅಲ್ಲಿಗ್ಯಾಕ್ ಹೋದೆ? ಅವ್ನ ತಲೆ ಯಾಕ್ ತೊಡೆ ಮ್ಯಾಲ್ ಮಡಿಕ್ಕಂಡೆ? ಎದ್ ಬಾ ಈ ಕಡೆ. ಬೆಳ್ಳೀ... ಬಾರವ್ವ. ನಾನೊಬ್ನೇ ಇವ್ನಿ ಇಲ್ಲಿ.